ನೀರು ಹಾಕಬೇಡ

ಏಪ್ರಿಲ್ ಬಂತೆಂದರೆ ಈ ಕಟ್ಟಡದವರು
ಸೈಕ್ಲಮೆನ್ ಕುಂಡಗಳನ್ನು ಕಸದ ಡಬ್ಬಿಯ ಪಕ್ಕಕ್ಕೆ ತಂದಿಡುತ್ತಾರೆ.
ಒಳಗೆ ಹಾಕುವುದಿಲ್ಲ, ಪಕ್ಕಕ್ಕೆ.
ಎಸೆದ ಪಾಪವೂ ಬೇಡ, ಸಾಕುವ ರಗಳೆಯೂ ಬೇಡ.
ಕ್ರಿಸ್‌ಮಸ್ಸಿಗೆ ಯಾರೋ ಕೊಟ್ಟದ್ದು,
ಬೆಳ್ಳಿ ಕಾಗದ ಇನ್ನೂ ಸುತ್ತಿಕೊಂಡೇ ಇದೆ,
ಹೂವಿದ್ದಲ್ಲಿ ಒಂದು ಬೀಜದ ಗುಂಡು
ಮಣ್ಣಿನ ಕಡೆ ತಲೆ ಬಾಗಿಸಿದೆ.

ಮೂವತ್ತೊಂದು ವರ್ಷ ಈ ಮೆಟ್ಟಿಲು ಒರೆಸಿದ ನೆರೀನಾ
ಅವನ್ನೆಲ್ಲ ಎತ್ತಿಕೊಂಡು ಬಾಯ್ಲರ್ ಕೋಣೆಗೆ ಇಳಿಯುತ್ತಿದ್ದಳು.
ಕುಂಡದ ತಳಕ್ಕೆ ಸೀಮೆಸುಣ್ಣದಲ್ಲಿ ಮನೆ ನಂಬರು.
ಚಳಿ ಶುರುವಾದಾಗ ಮತ್ತೆ ಅವರವರ ಬಾಗಿಲಿಗೆ.
"ಹೊಸದು ತಂದಿರಾ?" ಎನ್ನುತ್ತಿದ್ದರಂತೆ ಕೆಲವರು.
ಹೌದು ಎನ್ನುತ್ತಿದ್ದಳಂತೆ.

ಅವಳ ಮಂಡಿ ಸವೆಯಿತು.
ಕೀಲಿಗೊಂಚಲು ನನ್ನ ಕೈಗೆ ಬಂತು,
ಅದರ ಬಾಲ ಹಿಡಿದು ಹದಿನಾಲ್ಕು ಕುಂಡ,
ಒಂದಿಷ್ಟು ಮಾತು:

ಒಣಗಿದ ಎಲೆಯನ್ನು ಕತ್ತರಿಸಬೇಡ.
ಬುಡದಲ್ಲಿ ಹಿಡಿದು ತಿರುಚಿ ಒಮ್ಮೆ ಜಗ್ಗು,
ತುಂಡು ಉಳಿದರೆ ಅಲ್ಲಿಂದಲೇ ಕೊಳೆ.
ಹಸಿರಿರುವ ತನಕ ತಟ್ಟೆಯಲ್ಲಿ ನೀರಿಡು,
ನೆತ್ತಿಗೆ ಹುಯ್ಯಬೇಡ.
ಹಳದಿ ತಿರುಗಿದರೆ ಕಡಿಮೆ ಮಾಡು. ಆಮೇಲೆ ನಿಲ್ಲಿಸು.
ಎಲೆಯೆಲ್ಲ ಹೋದ ಮೇಲೆ ಕುಂಡವನ್ನು ಅಡ್ಡ ಮಲಗಿಸಿ
ಮರೆತವಳ ಹಾಗೆ ಇರು.
"ವ್ಯೋಲ್ಸಾ," ಅಂದಳು, "ನಿನಗೆ ಹೂವಿನ ಹೆಸರಿಟ್ಟಿದ್ದಾರೆ,
ಬುದ್ಧಿಯನ್ನೂ ಇಟ್ಟಿದ್ದಾರೋ ನೋಡೋಣ."

ಜುಲೈಯಲ್ಲಿ ತ್ರಿಯೆಸ್ತೆ ಕಾದ ಕಾವಲಿ.
ಚಳಿಗಾಲದಲ್ಲಿ ನನ್ನನ್ನು ಎರಡು ಸಲ ಬೀಳಿಸಿದ ಬೋರಾ ಗಾಳಿ
ಈಗ ಒಂದು ಎಳೆಯೂ ಇಲ್ಲ.
ಕೆಳಗಿಳಿದು ನೋಡಿದೆ:
ಹದಿನಾಲ್ಕು ಗಡ್ಡೆ, ಬಿರಿದ ಹಿಮ್ಮಡಿಯ ಬಣ್ಣ,
ಮಣ್ಣು ಕುಂಡದ ಅಂಚು ಬಿಟ್ಟು ಕುಗ್ಗಿದೆ,
ತಟ್ಟಿದರೆ ಒಣ ಕಟ್ಟಿಗೆಯ ಸದ್ದು.
ನಮ್ಮ ಪ್ರಿಝ್ರೆನ್ನಿನಲ್ಲಿ
ಬಾಯಾರಿದವರನ್ನು ದಾಟಿ ಹೋದವಳಿಗೆ
ಒಳ್ಳೆ ಹೆಸರಿಲ್ಲ.
ಒಂದು ಲೋಟ. ಒಂದೇ ಲೋಟ, ಎಲ್ಲಕ್ಕೂ ಹಂಚಿ.
ಮರುದಿನ ಇನ್ನೊಂದು.
ಎರಡು ವಾರ ನನ್ನ ಕಣ್ಣಿಗೆ ನಾನೇ ಪುಣ್ಯವಂತೆ.

ಆಗಸ್ಟ್ ಕೊನೆಗೆ ನೆರೀನಾ ಬಂದಳು,
ಕಂಕುಳಲ್ಲಿ ಹೊಸ ಮಣ್ಣಿನ ಚೀಲ, ಕೈಯಲ್ಲಿ ಕೋಲು.
ಇಳಿಯುತ್ತ ಹೇಳಿದಳು: ಮೇಲೆ ಕಾರ್ಸ್ಟ್ ಗುಡ್ಡದಲ್ಲಿ
ಹೇಝಲ್ ಪೊದೆಯಡಿ ಕಾಡಿನವು ಆಗಲೇ ಅರಳಿವೆ,
ಇವುಗಳ ದಾಯಾದಿಗಳು, ಉಗುರಿನಷ್ಟು ಹೂವು.
ಹಂದಿ ಅಗೆದು ತಿನ್ನುತ್ತಿತ್ತೆಂದು
ಹಂದಿರೊಟ್ಟಿ ಅನ್ನುತ್ತಿದ್ದರು ಹಳಬರು.
ಬಾಗಿಲು ತೆರೆದೊಡನೆ ಮೂಗು ಸುಕ್ಕಾಯಿತು.
ಮೊದಲನೆಯದನ್ನು ಒತ್ತಿದಳು. ಹೆಬ್ಬೆರಳು ಒಳಗೆ ಹೋಯಿತು,
ಸುಟ್ಟ ಬದನೆಗೆ ಹೋದಂತೆ.
ಎರಡನೆಯದು.
ಐದನೆಯದು.
ನಾನು ಗೋಡೆಯ ಮೀಟರಿನ ಅಂಕಿ ಓದುತ್ತಿದ್ದೆ.
ಒಂಬತ್ತು ಹೋಗಿದ್ದವು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು
ಹೆಬ್ಬೆರಳು ಒರೆಸಿಕೊಳ್ಳುತ್ತ ಅಂದಳು:
"ನನ್ನ ಮೊದಲ ವರ್ಷ ಇಪ್ಪತ್ತು ಸತ್ತವು.
ನಾನು ಹಾಲು ಹಾಕಿದ್ದೆ."
ಇಬ್ಬರಿಗೂ ನಗು ಬಂತು, ನಿಲ್ಲಿಸಲಾಗದೆ
ಅವಳು ಮಂಡಿ ಹಿಡಿದುಕೊಂಡಳು.

ಗುಡಿಸುವಾಗ ಸಿಕ್ಕಿತು ಹದಿನೈದನೆಯದು,
ಬಾಯ್ಲರ್ ಹಿಂದೆ, ಯಾವಾಗ ಉರುಳಿತ್ತೋ,
ಎಣಿಕೆಗೂ ಬಾರದ್ದು, ನನ್ನ ಲೋಟವೂ ತಲುಪದ್ದು.
ತಳದ ಸೀಮೆಸುಣ್ಣ ಅಳಿಸಿಹೋಗಿತ್ತು.
ಗಟ್ಟಿ. ನೆತ್ತಿಯಲ್ಲಿ ಸಾಸಿವೆಯಷ್ಟು ಗುಲಾಬಿ ಮೊಳಕೆ.
ಹೊಸ ಮಣ್ಣಲ್ಲಿ ಕೂರಿಸಿದಳು, ಅರ್ಧ ಒಳಗೆ, ಅರ್ಧ ಮೇಲೆ,
ತೊಟ್ಟಿಯಲ್ಲಿ ಮೀಯುವ ಮಗುವಿನ ಮಂಡಿಯ ಹಾಗೆ.
"ಈಗ," ಅಂದಳು.
ನನ್ನ ಕೈ ಹೆದರಿತು.
"ಈಗ ಹಾಕು, ಹುಡುಗಿ. ಈಗ."

ನವೆಂಬರಿನಲ್ಲಿ ಐದು ಕುಂಡ ಐದು ಬಾಗಿಲಿಗೆ ಹೋದವು.
ಒಂಬತ್ತು ಮನೆಯವರಲ್ಲಿ ಒಬ್ಬರೂ
ತಮ್ಮದು ಎಲ್ಲಿ ಎಂದು ಕೇಳಲಿಲ್ಲ.
ನಂಬರಿಲ್ಲದ್ದು ಎರಡನೆಯ, ಮೂರನೆಯ ಮಹಡಿಯ ನಡುವೆ,
ತಣ್ಣನೆಯ ಕಿಟಕಿಯಲ್ಲಿ, ಕಿವಿ ಹಿಂದಕ್ಕೆ ಮಡಚಿದ
ನಾಲ್ಕು ಬಿಳಿ ಹೂ ಎತ್ತಿ ನಿಂತಿದೆ.
"ಇದು ಯಾರದು?" ಎನ್ನುತ್ತಾರೆ ಇಳಿಯುವವರು.
ಭಾಷೆ ಬಾರದವಳ ಹಾಗೆ ನಕ್ಕು
ಬಟ್ಟೆ ಹಿಂಡಿಕೊಂಡು
ಮುಂದಿನ ಮೆಟ್ಟಿಲು ಒರೆಸುತ್ತೇನೆ.